ಆರು ವರ್ಷ ಜೇಬಿನಲ್ಲಿದ್ದ ಚಾಕು ಮತ್ತು ಅದರ ಮೇಲಿನ ಬಿಲ್ಲೆ

ಅಮೆರಿಕದ ಕೇಸ್ ಕಂಪನಿಯ ಸ್ಟಾಕ್‌ಮನ್, ಅಂದರೆ ಮೂರು ಅಲಗಿನ ಮಡಿಚುಚಾಕು. ನಂಬರ್ 6318, ಜೇನುತುಪ್ಪದ ಬಣ್ಣದ ಮೂಳೆಯ ಹಿಡಿ. ಆರು ವರ್ಷದಿಂದ ನನ್ನ ಪ್ಯಾಂಟಿನ ಬಲಗಡೆ ಜೇಬಿನಲ್ಲಿದೆ. ಅಲಗಿನ ಉದ್ದ, ತೂಕ ಎಲ್ಲ ಕಡೆ ಸಿಗುತ್ತದೆ, ಅದನ್ನು ನಾನು ಮತ್ತೆ ಬರೆಯುವುದಿಲ್ಲ. ನಾನು ಬರೆಯಲು ಕೂತಿದ್ದು ಆ ಹಿಡಿಯ ನಡುವೆ ಇರುವ, ಕಿರುಬೆರಳಿನ ಉಗುರಿನಷ್ಟು ದೊಡ್ಡ ಲೋಹದ ತುಂಡಿನ ಬಗ್ಗೆ. ಇಂಗ್ಲಿಷಿನವರು ಅದನ್ನು ಶೀಲ್ಡ್ ಅನ್ನುತ್ತಾರೆ. ಗುರಾಣಿ ಅಂದರೆ ತುಂಬಾ ದೊಡ್ಡ ಮಾತಾಯಿತು. ನಾನು ಬಿಲ್ಲೆ ಅನ್ನುತ್ತೇನೆ. ಹಿಂದೆ ಕಚೇರಿ ಜವಾನರು ಎದೆ ಮೇಲೆ ಹಿತ್ತಾಳೆ ಬಿಲ್ಲೆ ಹಾಕಿಕೊಳ್ಳುತ್ತಿದ್ದರಲ್ಲ, ಹಾಗೆ.

ನಾನಿರುವುದು ಪಿಟ್ಸ್‌ಬರ್ಗ್ ಹತ್ತಿರ. ಚಾಕು ಕೊಂಡಾಗ 60 ಚಿಲ್ಲರೆ ಡಾಲರ್ ಕೊಟ್ಟಿದ್ದೆ. ಜೇಬಿನ ಚಾಕುವಿಗೆ ಅದಕ್ಕಿಂತ ಜಾಸ್ತಿ ಹಾಕುವ ಮನಸ್ಸು ನನಗಿಲ್ಲ. ಒಂದೇ ಸಲ ಆ ನಿಯಮ ಮುರಿದೆ, ಅದರ ಕಥೆ ಮುಂದೆ ಬರುತ್ತದೆ.

ಮೊದಲ ಕೆಲವು ತಿಂಗಳು ಬಿಲ್ಲೆಯನ್ನು ನಾನು ನೋಡಿಯೇ ಇರಲಿಲ್ಲ. ಅಂದ್ರೆ ಕಣ್ಣಿಗೆ ಬೀಳುತ್ತಿತ್ತು, ಸುಮ್ನೆ ಕಂಪನಿ ಹೆಸರು ಬರೆದ ತಗಡು ಅಂದುಕೊಂಡಿದ್ದೆ. ಅದರ ಉಪಯೋಗ ತಿಳಿದದ್ದು ಬೆರಳಿಗೆ. ದೊಡ್ಡ ಅಲಗನ್ನು ತೆಗೆಯಲು ಉಗುರು ಸಿಕ್ಕಿಸುವ ಗೀರು ಬಿಲ್ಲೆ ಇರುವ ಮುಖಕ್ಕೇ ಇದೆ. ಜೇಬಿಗೆ ಕೈ ಹಾಕಿದಾಗ ಹೆಬ್ಬೆರಳಿಗೆ ಮೂಳೆಯ ತರಿತರಿ ಸಿಕ್ಕುತ್ತದೆ, ಅದರ ನಡುವೆ ಒಂದು ನುಣ್ಣನೆಯ ಜಾಗ ಸಿಕ್ಕುತ್ತದೆ, ತಣ್ಣಗೆ. ಅಷ್ಟು ಸಾಕು. ಚಾಕು ಯಾವ ಕಡೆ ತಿರುಗಿದೆ ಅಂತ ಹೊರಗೆ ತೆಗೆಯುವ ಮೊದಲೇ ಗೊತ್ತಾಗುತ್ತದೆ. ಜನವರಿ ಚಳಿಯಲ್ಲಿ, ಕತ್ತಲಲ್ಲಿ, ಕಾರಿನ ಪಕ್ಕ ನಿಂತು ಅಕ್ಕಿ ಮೂಟೆಯ ದಾರ ಕತ್ತರಿಸುವಾಗ ಇದರ ಬೆಲೆ ತಿಳಿಯುತ್ತದೆ.

ದಿನದ ಕೆಲಸ ಏನು ಅಂದರೆ, ಮಧ್ಯಾಹ್ನ ಆಫೀಸಿನಲ್ಲಿ ಒಂದು ಸೇಬು ಅಥವಾ ಸೌತೆಕಾಯಿ. ಬೇಸಿಗೆಯಲ್ಲಿ ಇಂಡಿಯನ್ ಅಂಗಡಿಗೆ ಮಾವಿನಕಾಯಿ ಬಂದರೆ ಅದಕ್ಕೆ ಉಪ್ಪು ಖಾರ. ಅಲಗು ಕ್ರೋಮ್ ವನೇಡಿಯಂ ಉಕ್ಕು, ಸ್ಟೇನ್‌ಲೆಸ್ ಅಲ್ಲ. ಮೊದಲ ಮಾವಿನಕಾಯಿ ಹೆಚ್ಚಿದ ದಿನವೇ ಅದರ ಮೇಲೆ ಮಳೆಮೋಡದ ಹಾಗೆ ನೀಲಿ ಬೂದು ಬಣ್ಣ ಹರಡಿತು. ಅದು ಹೋಗುವುದಿಲ್ಲ, ಹೋಗಬಾರದು ಕೂಡ. ಆ ಪದರ ಕೂತಷ್ಟೂ ಕೆಂಪು ತುಕ್ಕು ಹಿಡಿಯುವುದು ಕಡಿಮೆ. ಹುಳಿ ತಾಗಿದ ಮೇಲೆ ಒರೆಸುವ ಅಭ್ಯಾಸ ಇಲ್ಲದವರು ಸ್ಟೇನ್‌ಲೆಸ್ ಅಲಗಿನದ್ದು ತೆಗೆದುಕೊಳ್ಳಿ. ಮೂಳೆ ಬೇಡ ಅನ್ನುವವರಿಗೆ ಬೇರೆ ಹಿಡಿಯವೂ ಇವೆ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದಾದ ಮೇಲೆ ಸಾಣೆಕಲ್ಲು. ಹತ್ತು ಸಲ ಆ ಕಡೆ, ಹತ್ತು ಸಲ ಈ ಕಡೆ. ಆಮೇಲೆ ಹಳೆ ಬನಿಯನ್ ತುಂಡಿನಿಂದ ಒರೆಸಿ ಕೀಲಿಗೆ ಒಂದು ತೊಟ್ಟು ಎಣ್ಣೆ. ಶುರುವಿನಲ್ಲಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ, ಮನೆಯಲ್ಲಿ ಅದೇ ಇತ್ತು. ಚಳಿಗಾಲಕ್ಕೆ ಅದು ಕೀಲಿನೊಳಗೆ ಗಟ್ಟಿಯಾಗಿ, ಉಗುರು ಕಿತ್ತುಬರುವಷ್ಟು ಬಿಗಿಯಾಯಿತು. ಈಗ ಮಿನರಲ್ ಆಯಿಲ್. ಕೊನೆಗೆ ಬಿಲ್ಲೆಯನ್ನು ಬಟ್ಟೆಯ ಮೂಲೆಯಿಂದ ಉಜ್ಜುತ್ತೇನೆ. ಆರು ವರ್ಷದಲ್ಲಿ ಅಂಚುಗಳು ನವೆದಿವೆ, ಮೇಲೆ ಕೂದಲಿನಷ್ಟು ಸಣ್ಣ ಗೀರುಗಳು ಎಷ್ಟೋ ಬಿದ್ದಿವೆ. ಕೂತ ಜಾಗದಿಂದ ಮಾತ್ರ ಅಲುಗಿಲ್ಲ.

ಬಿಲ್ಲೆಯ ಹುಚ್ಚು ಹತ್ತಿದ್ದು ಬ್ರಾಡ್‌ಫರ್ಡ್‌ಗೆ ಹೋದಾಗ. ಪೆನ್ಸಿಲ್ವೇನಿಯಾದ ಉತ್ತರ ತುದಿಯ ಸಣ್ಣ ಊರು. ಕೇಸ್ ಕಾರ್ಖಾನೆ ಅಲ್ಲಿದೆ. ಕಂಪನಿಯ ಮೂಲ 1889ರದ್ದು, 1993ರಲ್ಲಿ ಅದೇ ಊರಿನ ಜಿಪ್ಪೋ ಲೈಟರಿನವರು ಕೊಂಡುಕೊಂಡರು. ಈಗ ಇಬ್ಬರಿಗೂ ಸೇರಿ ಒಂದೇ ಮ್ಯೂಸಿಯಂ. ಗಾಜಿನ ಹಿಂದೆ ಸಾಲಾಗಿ ಚಾಕುಗಳನ್ನು ನೋಡುತ್ತಾ ಹೋದಾಗ ನನ್ನ ಕಣ್ಣು ಅಲಗು ಬಿಟ್ಟು ಬಿಲ್ಲೆಗಳ ಮೇಲೆ ನಿಂತಿತು. ಯಾಕೆ ಇವು ಇಷ್ಟು ಥರ? ಮನೆಗೆ ಬಂದು ಹಳೆಯ ಕ್ಯಾಟಲಾಗುಗಳನ್ನು ಓದಲು ಕೂತೆ.

ಮೊದಲು ಲೋಹದ ವಿಷಯ. ಹೆಚ್ಚಿನ ಬಿಲ್ಲೆಗಳು ನಿಕಲ್ ಸಿಲ್ವರ್‌ನವು. ಹೆಸರಿನಲ್ಲಿ ಬೆಳ್ಳಿ ಇದೆ, ಒಳಗೆ ಒಂದು ಚೂರೂ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೇ. ನಮ್ಮ ಮನೆಗಳಲ್ಲಿ ಅರಿಶಿನ ಕುಂಕುಮಕ್ಕೆ ಕೊಡುವ ಜರ್ಮನ್ ಸಿಲ್ವರ್ ಬಟ್ಟಲು ಇದೆಯಲ್ಲ, ಜರ್ಮನ್ ಸಿಲ್ವರ್ ಅನ್ನುವುದು ಇದೇ ಲೋಹದ ಹಳೆಯ ಹೆಸರು.

ಇನ್ನು ಆಕಾರ. ಉದ್ದನೆಯ ಪಟ್ಟಿ ಇದ್ದರೆ ಬಾರ್. ಮೊಟ್ಟೆಯಾಕಾರ ಇದ್ದರೆ ಓವಲ್, ನನ್ನ ಕೇಸ್‌ನಲ್ಲಿ ಇರುವುದು ಇದು. ಮೇಲೆ ಮಟ್ಟಸ, ಎರಡು ಮೂಲೆ ಚೂಪು, ಕೆಳಗೆ ಹೋಗುತ್ತಾ ಒಂದೇ ಮೊನೆ, ರಾಜರ ಗುರಾಣಿಯ ಹಾಗೆ ಇದ್ದರೆ ಕ್ರೆಸ್ಟ್. ತೊಪ್ಪಿ ಹಾಕಿದ ಓಕ್ ಮರದ ಕಾಯಿಯ ಹಾಗಿದ್ದರೆ ಏಕಾರ್ನ್. ಟೈಟಸ್‌ವಿಲ್ ಊರಿನ ಗ್ರೇಟ್ ಈಸ್ಟರ್ನ್ ಕಂಪನಿಯ ಚಾಕುಗಳಲ್ಲಿ ಏಕಾರ್ನ್ ತುಂಬಾ ಕಾಣುತ್ತದೆ. ತೋಟಾ ಆಕಾರದ್ದು ರೆಮಿಂಗ್ಟನ್ನಿನ ಬುಲೆಟ್ ಚಾಕು, 1922ರಲ್ಲಿ ಬಂದದ್ದು. 1982ರಿಂದ ಅದನ್ನೇ ಹೋಲುವ ಚಾಕುಗಳನ್ನು ಮತ್ತೆ ಮಾರಿದರು. ಹಾಗಾಗಿ ತೋಟಾ ಕಂಡ ಕೂಡಲೇ ಹಳೆಯದು ಅಂತ ನಂಬುವ ಹಾಗಿಲ್ಲ. ಸ್ಕೌಟ್ ಹುಡುಗರ ಚಾಕುವಿಗೆ ಅವರದ್ದೇ ಲಾಂಛನ. ಅಮೆರಿಕದ ಸ್ಕೌಟ್‌ಗಳ ಮೊದಲ ಅಧಿಕೃತ ಚಾಕು 1911ರದ್ದು, ನ್ಯೂಯಾರ್ಕ್ ನೈಫ್ ಕಂಪನಿ ಮಾಡಿದ್ದು.

ಹೆಸರುಗಳ ವಿಷಯದಲ್ಲಿ ಎಲ್ಲರದ್ದೂ ಒಂದೇ ಮಾತು ಇರುವುದಿಲ್ಲ. ಒಬ್ಬರು ಕ್ರೆಸ್ಟ್ ಅಂದದ್ದನ್ನು ಇನ್ನೊಬ್ಬರು ಫೆಡರಲ್ ಅನ್ನುತ್ತಾರೆ. ಅದಕ್ಕೇ ನನ್ನ ಸಲಹೆ ಏನು ಅಂದರೆ, ಹೆಸರು ಕೇಳಿ ಚಾಕು ಕೊಳ್ಳಬೇಡಿ. ಬಿಲ್ಲೆಯ ಚಿತ್ರವನ್ನು ಕಾಗದದ ಮೇಲೆ ಬರೆದುಕೊಂಡು, ಆ ಕಂಪನಿಯ ಆ ನಂಬರಿನ ಚಾಕುವಿಗೆ ಯಾವ ಆಕಾರ ಬರುತ್ತಿತ್ತು ಅಂತ ಹಳೆಯ ಕ್ಯಾಟಲಾಗಿನಲ್ಲಿ ನೋಡಿ. ಕೇಸ್‌ನಲ್ಲಾದರೆ ನಂಬರೇ ಮಾತಾಡುತ್ತದೆ. 6 ಅಂದರೆ ಮೂಳೆ ಹಿಡಿ, 3 ಅಂದರೆ ಮೂರು ಅಲಗು, 18 ಅಂದರೆ ಈ ಅಚ್ಚು. ವರ್ಷ ಬೇಕಾದರೆ ಅಲಗಿನ ಬುಡದ ಚುಕ್ಕೆ ಎಣಿಸಬೇಕು. 1970ರಲ್ಲಿ ಹತ್ತು ಚುಕ್ಕೆ ಇಟ್ಟು ಶುರು ಮಾಡಿ ವರ್ಷಕ್ಕೊಂದು ತೆಗೆಯುತ್ತಾ ಹೋದರು, 1979ಕ್ಕೆ ಒಂದೇ ಉಳಿಯಿತು.

ಬಿಲ್ಲೆ ಕೂರುವ ಗುಳಿಯನ್ನು ಹೇಗೆ ತೋಡುತ್ತಿದ್ದರು ಅಂತ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಕಸುಬುದಾರರ ಹತ್ತಿರ ಪಾರ್ಸರ್ ಅಂತ ಒಂದು ಉಪಕರಣ ಇತ್ತು. ನಮ್ಮ ಬಡಗಿಗಳ ಬೈರಿಗೆಯ ಹಾಗೆ ಬಿಲ್ಲಿನ ದಾರದಿಂದ ತಿರುಗುವಂಥದ್ದು. ಅದಕ್ಕೆ ಎರಡು ಕಾಲು, ಎರಡೂ ಹೊರಗಡೆ ಚಿಮ್ಮುವ ಸ್ಪ್ರಿಂಗ್ ಥರ. ಬಿಲ್ಲೆಯ ಆಕಾರ ಕತ್ತರಿಸಿದ ಉಕ್ಕಿನ ತಗಡನ್ನು ಹಿಡಿಯ ಮೇಲೆ ಬಿಗಿದು, ಆ ಕಿಂಡಿಯೊಳಗೆ ಇದನ್ನು ತಿರುಗಿಸಿದರೆ ಕಾಲುಗಳು ಅಂಚನ್ನು ಹಿಡಿದುಕೊಂಡೇ ಸುತ್ತುತ್ತವೆ. ಓವಲ್ ಆದರೆ ಓವಲ್, ಮೂಲೆ ಇದ್ದರೆ ಮೂಲೆ, ಅದೇ ಆಕಾರದ ಗುಳಿ ಬೀಳುತ್ತದೆ. ಎದೆಗೆ ಒಂದು ತಗಡು ಕಟ್ಟಿಕೊಂಡು, ಅದರಿಂದ ಒತ್ತಿ ಹಿಡಿದು, ಕೈಯಿಂದ ಬಿಲ್ಲು ಎಳೆಯುತ್ತಾ ಮಾಡುವ ಕೆಲಸ. ಆಮೇಲೆ ಬಿಲ್ಲೆ ಕೂರಿಸಿ ಎರಡು ಸೂಜಿಯಂಥ ಮೊಳೆ ಹೊಡೆದು ಉಜ್ಜಿಬಿಡುತ್ತಿದ್ದರು. ಹಳೆಯ ಚಾಕುವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೆಲವು ಸಲ ಆ ಎರಡು ಚುಕ್ಕೆ ಮಸುಕಾಗಿ ಕಾಣುತ್ತವೆ. ಈಗ ಎಷ್ಟೋ ಕಡೆ ಅಂಟೇ ಸಾಕಾಗುತ್ತದೆ.

ಅಂಥ ಒಂದು ಕೈಕೆಲಸ ನನ್ನ ಹತ್ತಿರ ಇರಬೇಕು ಅನ್ನಿಸಿತು. ನಾಲ್ಕನೇ ವರ್ಷ, ನವರಾತ್ರಿಗೆ ಒಂದು ತಿಂಗಳ ಮುಂಚೆ, ಆನ್‌ಲೈನ್ ಹರಾಜಿನಲ್ಲಿ ಒಂದು ಹಳೆಯ ಚಾಕು ಬಂತು. ಕರಿಮರದ ಹಿಡಿ, ಎರಡು ಅಲಗು, ಏಕಾರ್ನ್ ಬಿಲ್ಲೆ. ‘ಎಲ್ಲ ಮೂಲದ್ದೇ, ಏನೂ ಬದಲಾಗಿಲ್ಲ’ ಅಂತ ಮಾರುವವನು ಬರೆದಿದ್ದ. 140 ಡಾಲರ್ ಕೊಟ್ಟೆ. ನನ್ನ ಮಟ್ಟಿಗೆ ಅದು ದೊಡ್ಡ ದುಡ್ಡು. ಚಾಕು ಬಂತು, ಕೈಗೆ ಹಿತವಾಗಿತ್ತು, ಖುಷಿಯಲ್ಲಿ ಎಲ್ಲರಿಗೂ ತೋರಿಸಿದೆ.

ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ಕಾರು, ಲ್ಯಾಪ್‌ಟಾಪು, ಅಡುಗೆಮನೆಯ ಈಳಿಗೆಮಣೆ, ಎಲ್ಲಕ್ಕೂ ಕುಂಕುಮ ಇಡುತ್ತೇವೆ. ಎರಡೂ ಚಾಕುಗಳಿಗೆ ಬಿಲ್ಲೆಯ ಮೇಲೆ ಒಂದೊಂದು ಬೊಟ್ಟು ಇಟ್ಟೆ. ಮಾರನೇ ದಿನ ಒಣ ಬಟ್ಟೆಯಿಂದ ಒರೆಸಿದೆ. ಕೇಸ್ ಚಾಕು ಒಂದೇ ಒರೆಸಿಗೆ ಶುದ್ಧವಾಯಿತು, ಓವಲ್ ಸುತ್ತ ಒಂದು ಕಣ ಕುಂಕುಮವೂ ಉಳಿಯಲಿಲ್ಲ. ಇನ್ನೊಂದನ್ನು ಒರೆಸಿ ಕಿಟಕಿ ಹತ್ತಿರ ಹಿಡಿದೆ. ಕರಿಮರದ ಮೇಲೆ ಒಂದು ಕೆಂಪು ಗೆರೆ ಕಂಡಿತು. ಏಕಾರ್ನಿನ ಅಂಚಿನಲ್ಲಿ ಅಲ್ಲ, ಅದರಿಂದ ಒಂದು ಎಳ್ಳುಕಾಳಿನಷ್ಟು ಆಚೆ. ಮೇಲೆ ಮಟ್ಟಸವಾದ ಗೆರೆ, ಎರಡು ಚೂಪು ಮೂಲೆ, ಎರಡೂ ಕಡೆಯಿಂದ ಇಳಿದು ಕೆಳಗೆ ಒಂದು ಮೊನೆ. ಪೂರ್ತಿ ಕ್ರೆಸ್ಟ್. ಅಂದರೆ ಈ ಹಿಡಿಯಲ್ಲಿ ಮೊದಲು ಇದ್ದದ್ದು ಕ್ರೆಸ್ಟ್ ಬಿಲ್ಲೆ. ಅದು ಯಾವಾಗಲೋ ಬಿದ್ದುಹೋಗಿದೆ. ಆ ಗುಳಿಯೊಳಗೆ ಚಿಕ್ಕ ಏಕಾರ್ನ್ ಇಟ್ಟು, ಸುತ್ತ ಕಪ್ಪು ಅಂಟು ತುಂಬಿ ಉಜ್ಜಿದ್ದಾರೆ. ಅಂಟು ಕುಗ್ಗಿದ ಸಂದಿನಲ್ಲಿ ಕುಂಕುಮ ಕೂತಿತ್ತು.

ಮರ, ಮೂಳೆ ಒಣಹವೆಗೆ ಕುಗ್ಗುತ್ತವೆ, ಬಿಲ್ಲೆಯ ಅಂಚಿನಲ್ಲೇ ಸಣ್ಣ ಸಂದು ಬಿಡುವುದು ಸಹಜ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಬಿಲ್ಲೆಯ ಆಕಾರ ಒಂದು, ಗುಳಿಯ ಆಕಾರ ಇನ್ನೊಂದು ಆಗಿದ್ದರೆ ಮಾತ್ರ ಯಾರೋ ಕೈಯಾಡಿಸಿದ್ದಾರೆ. ಕ್ಯಾಟಲಾಗಿನ ಮರುಮುದ್ರಣ ತೆಗೆದು ನೋಡಿದೆ, ಆ ಅಚ್ಚಿಗೆ ಕ್ರೆಸ್ಟ್ ಬಿಲ್ಲೆಯೇ. ಮಾರಿದವನಿಗೆ ಫೋಟೋ ಕಳಿಸಿದೆ. ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿದಿದೆ ಅಂತ ಒಂದು ಸಾಲಿನ ಉತ್ತರ ಬಂತು.

ನನಗೆ ತುಂಬಾ ಸಿಟ್ಟು ಬಂತು. ರಿಪೇರಿ ಮಾಡಿದ ಚಾಕು ಕೆಟ್ಟದ್ದೇನಲ್ಲ, ರಿಪೇರಿ ಆಗಿದೆ ಅಂತ ಹೇಳಿ 40 ಡಾಲರಿಗೆ ಮಾರಿದ್ದರೆ ನಾನೇ ಸಂತೋಷದಿಂದ ಕೊಳ್ಳುತ್ತಿದ್ದೆ. ಒಂದು ವರ್ಷ ಅದನ್ನು ಡ್ರಾಯರಿನಲ್ಲಿ ಹಾಕಿಟ್ಟೆ. ಕಣ್ಣಿಗೆ ಬಿದ್ದರೂ ಮುಟ್ಟಲಿಲ್ಲ.

ಹೋದ ವರ್ಷ ತೀರ್ಥಹಳ್ಳಿಗೆ ಹೊರಟಾಗ ಎರಡೂ ಚಾಕುಗಳನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಿಕೊಂಡೆ. ಅಪ್ಪಯ್ಯ ಜಗಲಿಯಲ್ಲಿ ಕೂತು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಕೇಸ್ ಪಕ್ಕಕ್ಕಿಟ್ಟು ಕರಿಮರದ್ದನ್ನು ಕೈಯಲ್ಲಿ ಹಿಡಿದರು. ಬಿಲ್ಲೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಇದು ಅಡಿಕೆ ಅಲ್ವಾ?” ಅಂದರು.

ನಾನು ಬಗ್ಗಿ ನೋಡಿದೆ. ಹೌದು. ತೊಟ್ಟಿನ ಸಮೇತ ಇರುವ ಎಳೇ ಅಡಿಕೆಕಾಯಿ. ಇಷ್ಟು ದಿನ ನಾನು ಓಕ್ ಮರದ ಕಾಯಿ ಅಂತಲೇ ನೋಡುತ್ತಿದ್ದೆ.

“ಖಾಲಿ ಬಿಟ್ಟಿದೀಯಲ್ಲ ಮಾರಾಯಾ, ಹೆಸರು ಕೊರೆಸಿಲ್ವಾ?”

ಬಿಲ್ಲೆ ಹುಟ್ಟಿದ್ದೇ ಅದಕ್ಕೆ ಅಂತ ನಾನು ಓದಿದ್ದೆ. ಚಾಕುವಿನ ಯಜಮಾನ ತನ್ನ ಹೆಸರಿನ ಅಕ್ಷರ ಕೊರೆಸಿಕೊಳ್ಳಲಿ ಅಂತ ಹಿಡಿಯ ಮೇಲೆ ಒಂದು ನುಣುಪಾದ ಜಾಗ. ಸಂಗ್ರಹಕಾರರು ಯಾರೂ ಹಾಗೆ ಮಾಡುವುದಿಲ್ಲ, ಬೆಲೆ ಇಳಿಯುತ್ತದೆ. ಈ ಚಾಕುವಿಗೆ ಇಳಿಯಲು ಬೆಲೆಯೇ ಉಳಿದಿರಲಿಲ್ಲ.

ಸಂತೆ ದಿನ ಪಾತ್ರೆ ಅಂಗಡಿಗೆ ಹೋದೆವು. ಮದುವೆಗೆ ಕೊಡುವ ಸ್ಟೀಲ್ ಬಿಂದಿಗೆ ಮೇಲೆ ಹೆಸರು ಕೊರೆಯುವ ಸಣ್ಣ ಮಷೀನು ಅವರ ಹತ್ತಿರ ಇದೆ. ಅಂಗಡಿಯವರು ಬಿಲ್ಲೆಯನ್ನು ಉಗುರಿನಿಂದ ತಟ್ಟಿ ನೋಡಿ, “ಜರ್ಮನ್ ಸಿಲ್ವರು. ಮೆತ್ತಗಿರುತ್ತೆ, ನಿಧಾನ ಮಾಡ್ತೀನಿ” ಅಂದರು. ಗುರ್ ಅನ್ನುವ ಸದ್ದಿನ ನಡುವೆ ಅಡಿಕೆಯ ಹೊಟ್ಟೆಯ ಮೇಲೆ ಅಪ್ಪಯ್ಯನ ಹೆಸರಿನ ಮೊದಲ ಅಕ್ಷರ ಮೂಡಿತು. ‘ತಿ’. ಗುಡಿಸು ಸ್ವಲ್ಪ ಓರೆಯಾಗಿದೆ. ದುಡ್ಡು ಬೇಡ ಅಂದರು.

ನನ್ನ ಕೇಸ್ ನನ್ನ ಜೇಬಿಗೇ ವಾಪಸ್ ಬಂತು. ಅದನ್ನು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿ ಕೊಳ್ಳಿ ಅನ್ನುತ್ತೇನೆ, ಹೊಸದನ್ನೇ ಕೊಳ್ಳಿ. ಕರಿಮರದ್ದು ಅಪ್ಪಯ್ಯನ ಹತ್ತಿರ ಇದೆ. ವೀಳ್ಯದೆಲೆಯ ತೊಟ್ಟು ತೆಗೆಯಲು, ತೋಟದಲ್ಲಿ ಮೆಣಸಿನ ಬಳ್ಳಿ ಕಟ್ಟುವ ಹಗ್ಗ ಕತ್ತರಿಸಲು ಅದೇ. ಆಷಾಢದಲ್ಲಿ ಫೋನ್ ಮಾಡಿದಾಗ ಮಳೆ, ಕೊಳೆರೋಗ, ಔಷಧಿ ಹೊಡೆದದ್ದು ಎಲ್ಲ ಹೇಳಿ, ಕೊನೆಗೆ ಚಾಕುವಿನ ಸುದ್ದಿಯನ್ನೂ ಹೇಳಿದರು. ಅಲಗಿಗೆ ಸ್ವಲ್ಪ ತುಕ್ಕು ಬಂದಿತ್ತಂತೆ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರಂತೆ.

“ಅಡಿಕೆ ಗಟ್ಟಿ ಕೂತಿದೆ” ಅಂದರು.