ಹಿಂದಿನ ಸಾಲಿಗೂ ಓದಲು ಬರಬೇಕು: ಪೋರ್ಟಬಲ್ ಪ್ರೊಜೆಕ್ಟರ್ ಬಗ್ಗೆ ದಿನಾ ಬಳಸುವವರ ಮಾತು

ಬ್ಯಾಟರಿ ಇರುವ, ಬ್ಯಾಗಿನಲ್ಲಿ ಹಿಡಿಸುವ ಎಲ್‌ಇಡಿ ಪ್ರೊಜೆಕ್ಟರ್ ಒಂದನ್ನು ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಹೆಚ್ಚಾಗಿ ತರಗತಿಯಲ್ಲಿ, ಆಗಾಗ ಮೀಟಿಂಗ್ ರೂಮಿನಲ್ಲಿ ತರಬೇತಿ ಕೊಡುವಾಗ. ಬೆಳಕು 500 ಆನ್ಸಿ ಲ್ಯೂಮೆನ್ (ಲ್ಯೂಮೆನ್ ಅಂದರೆ ಹೊರಬರುವ ಒಟ್ಟು ಬೆಳಕಿನ ಅಳತೆ), ರೆಸಲ್ಯೂಶನ್ 1920×1080 ಚುಕ್ಕೆ, ಒಳಗೆ ಪುಟ್ಟ ಕನ್ನಡಿಗಳಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಚಿಪ್. ಮೊದಲೇ ಹೇಳಿಬಿಡುತ್ತೇನೆ: ಹತ್ತು ಹನ್ನೆರಡು ಜನ ಕೂರುವ ಕೋಣೆಗೆ ಇದು ತುಂಬಾ ಒಳ್ಳೆಯದು. ದೊಡ್ಡ ಕಿಟಕಿಗಳ, ನಲವತ್ತು ಮಕ್ಕಳ ತರಗತಿಗೆ ಸಾಲದು. ಯಾಕೆ ಸಾಲದು ಅಂತ ಗೊತ್ತಾದರೆ ಯಾವ ಕಂಪನಿಯ ಮಾಲನ್ನಾದರೂ ನೀವೇ ತೂಗಿ ನೋಡಬಹುದು.

ಎಲ್ಲಕ್ಕಿಂತ ಮೊದಲು ಬೆಳಕು. ಡಬ್ಬದ ಮೇಲೆ 8,000, 12,000 ಲ್ಯೂಮೆನ್ ಅಂತ ದಪ್ಪಕ್ಷರದಲ್ಲಿ ಬರೆದ ಅಗ್ಗದ ಪ್ರೊಜೆಕ್ಟರ್‌ಗಳು ಬೇಕಾದಷ್ಟಿವೆ. ದಯವಿಟ್ಟು ಆ ಸಂಖ್ಯೆ ನಂಬಬೇಡಿ. ಹೆಚ್ಚೆಂದರೆ ಅದು ಒಳಗಿನ ದೀಪದ ಲೆಕ್ಕ, ಲೆನ್ಸ್ ದಾಟಿ ಗೋಡೆಗೆ ಬೀಳುವ ಬೆಳಕಿನದ್ದಲ್ಲ. ಆನ್ಸಿ ಎಂಬ ಅಮೆರಿಕದ ಮಾನದಂಡ ಸಂಸ್ಥೆಯ ಲೆಕ್ಕದಲ್ಲಿ ಲ್ಯೂಮೆನ್ ಅಳೆಯುವಾಗ ಬಿಳಿ ಪರದೆಯನ್ನು 9 ಭಾಗ ಮಾಡುತ್ತಾರೆ. ಪ್ರತಿ ಭಾಗದ ಬೆಳಕು ಅಳೆದು ಸರಾಸರಿ ತೆಗೆದು, ಪರದೆಯ ವಿಸ್ತೀರ್ಣದಿಂದ ಗುಣಿಸುತ್ತಾರೆ. ಐಎಸ್‌ಒ 21118 ಎಂಬ ಮಾನದಂಡವೂ ಹೆಚ್ಚುಕಡಿಮೆ ಇದೇ ದಾರಿಯದ್ದು. ಸಂಖ್ಯೆಯ ಪಕ್ಕ ಆನ್ಸಿ ಅಥವಾ ಐಎಸ್‌ಒ ಅಂತ ಇಲ್ಲದಿದ್ದರೆ ಆ ಮಾಡೆಲ್ ಬಿಟ್ಟು ಮುಂದೆ ಹೋಗಿ.

ಆ ಬೆಳಕನ್ನು ನೀವು ಎಷ್ಟು ಅಗಲಕ್ಕೆ ಹರಡುತ್ತೀರಿ ಅನ್ನುವುದು ಇನ್ನೊಂದು ವಿಷಯ. ನನ್ನ 500 ಲ್ಯೂಮೆನ್ ಪ್ರೊಜೆಕ್ಟರ್‌ನಿಂದ ಮೂಲೆಯಿಂದ ಮೂಲೆಗೆ 60 ಇಂಚಿನ ಚಿತ್ರ ಬಿಟ್ಟರೆ ಗೋಡೆಯ ಮೇಲೆ ಸುಮಾರು 500 ಲಕ್ಸ್ (ಒಂದು ಚದರ ಮೀಟರ್‌ಗೆ ಬೀಳುವ ಲ್ಯೂಮೆನ್) ಬೆಳಕು ಬೀಳುತ್ತದೆ. 80 ಇಂಚಿಗೆ ಅದು 280ರ ಆಸುಪಾಸು. 120 ಇಂಚಿಗೆ ಬರೀ 125. ಚಿತ್ರದ ಅಳತೆ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. "200 ಇಂಚಿನವರೆಗೆ" ಅನ್ನುವ ಜಾಹೀರಾತನ್ನು ಈ ಲೆಕ್ಕದ ಜೊತೆ ಇಟ್ಟು ನೋಡಿ.

ಇನ್ನು ಕೋಣೆಯ ದೀಪ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಬೆಳಕು ಬಿಡದ ಜಾಗವೇ ಅದರ ಕಪ್ಪು. ಹಾಗಾಗಿ ಗೋಡೆ ಆಗಲೇ ಎಷ್ಟು ಬೆಳಗಿದೆಯೋ, ಅದಕ್ಕಿಂತ ಕಪ್ಪಾದದ್ದು ಚಿತ್ರದಲ್ಲಿ ಇರಲು ಸಾಧ್ಯವಿಲ್ಲ. ಟ್ಯೂಬ್‌ಲೈಟಿನಿಂದ ಗೋಡೆಗೆ 150 ಲಕ್ಸ್ ಬೀಳುತ್ತಿದೆ ಅಂದುಕೊಳ್ಳಿ. ನನ್ನ 80 ಇಂಚಿನ ಚಿತ್ರದಲ್ಲಿ ಬಿಳಿ ಜಾಗ ಕಪ್ಪಿಗಿಂತ ಮೂರು ಪಟ್ಟು ಬೆಳಗಿರುತ್ತದೆ, ಅಷ್ಟೇ. ದಪ್ಪ ಅಕ್ಷರ ಓದಬಹುದು, ಫೋಟೋ ಮಾತ್ರ ಪೂರ್ತಿ ಪೇಲವ. ಗೋಡೆಯ ಹತ್ತಿರದ ಒಂದು ದೀಪ ಆರಿಸಿ ಆ 150 ಅನ್ನು 30ಕ್ಕೆ ಇಳಿಸಿದರೆ ಅದೇ ಚಿತ್ರ ಹತ್ತು ಪಟ್ಟಿನ ವ್ಯತ್ಯಾಸ ತೋರಿಸುತ್ತದೆ. ಮುಂದಿನ ದೀಪಕ್ಕೆ ಬೇರೆ ಸ್ವಿಚ್ ಇದೆಯಾ ಅಂತ ನೋಡುವುದು ನನ್ನ ಮೊದಲ ಕೆಲಸ. ಇಡೀ ಕೋಣೆ ಕತ್ತಲೆ ಮಾಡುವುದು ಬೇಡ. ಮಕ್ಕಳು ನೋಟ್ಸ್ ಬರೆಯಬೇಕಲ್ವಾ?

ಎರಡನೆಯದು ರೆಸಲ್ಯೂಶನ್. ಕನ್ನಡ ತೋರಿಸುವವರು ಇಲ್ಲಿ ಸ್ವಲ್ಪ ಜಾಸ್ತಿ ಗಮನ ಕೊಡಬೇಕು. "1080ಪಿ ಸಪೋರ್ಟ್" ಅಂದರೆ ಆ ಸಿಗ್ನಲ್ ತೆಗೆದುಕೊಳ್ಳುತ್ತದೆ ಅಂತ ಮಾತ್ರ. ತೋರಿಸುವುದು 854×480 ಇರಬಹುದು. ನೀವು ಕೇಳಬೇಕಾದ್ದು ನೇಟಿವ್ ರೆಸಲ್ಯೂಶನ್, ಅಂದರೆ ಪ್ರೊಜೆಕ್ಟರ್ ನಿಜವಾಗಿ ತೋರಿಸುವ ಚುಕ್ಕೆಗಳ ಲೆಕ್ಕ. ಸ್ಲೈಡಿನಲ್ಲಿ 18 ಪಾಯಿಂಟ್ ಅಕ್ಷರ ಹಾಕಿದ್ದೀರಿ ಅಂದುಕೊಳ್ಳಿ. 480ರ ಪ್ರೊಜೆಕ್ಟರ್‌ನಲ್ಲಿ ಒಂದು ಸಾಲಿಗೆ ಸಿಗುವ ಎತ್ತರ ಸುಮಾರು 16 ಚುಕ್ಕೆ. ಗುಡಿಸು, ತಲೆಕಟ್ಟು, ಒತ್ತು ಎಲ್ಲ ಅಷ್ಟರೊಳಗೇ ಆಗಬೇಕು. "ಶಾಸ್ತ್ರ" ಅಂತ ಬರೆದರೆ ಸಕಾರದ ಕೆಳಗೆ ಒಂದು ಬೂದು ಮುದ್ದೆ ಕಾಣುತ್ತದೆ. ಧಕಾರದ ಕೆಳಗಿನ ಸಣ್ಣ ಸೀಳು ಮಾಯವಾಗಿ "ದನ", "ಧನ" ಎರಡೂ ಒಂದೇ ಥರ ಕಾಣುತ್ತವೆ. 1080ರಲ್ಲಿ ಅದೇ ಸಾಲಿಗೆ 36 ಚುಕ್ಕೆ ಸಿಗುತ್ತದೆ, ಒತ್ತಕ್ಷರ ಬಿಡಿಬಿಡಿಯಾಗಿ ಮೂಡುತ್ತದೆ. 1280×800ರ ಕೆಳಗೆ ಕನ್ನಡ ಪಾಠಕ್ಕೆ ತೆಗೆದುಕೊಳ್ಳಬೇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ.

ಅಕ್ಷರ ಚೂಪಾಗಿದ್ದರೂ ದೂರದವರಿಗೆ ಕಾಣಬೇಕಲ್ಲ. ಮಾಮೂಲಿ ಸ್ಲೈಡ್ ಓದಲು ಕೊನೆಯ ಕುರ್ಚಿ ಚಿತ್ರದ ಎತ್ತರದ ಆರು ಪಟ್ಟು ದೂರದ ಒಳಗಿರಬೇಕು ಅನ್ನುವುದು ಈ ಕೆಲಸದಲ್ಲಿ ರೂಢಿಯ ಲೆಕ್ಕ. ಎಕ್ಸೆಲ್ ಶೀಟ್ ಥರದ್ದಕ್ಕೆ ನಾಲ್ಕು ಪಟ್ಟು. 80 ಇಂಚಿನ ಚಿತ್ರದ ಎತ್ತರ ಸುಮಾರು 1 ಮೀಟರ್. ಅಂದರೆ 6 ಮೀಟರ್ ಆಚೆ ಕೂತವರಿಗೆ ಕಷ್ಟ. ಚಿತ್ರ ದೊಡ್ಡದು ಮಾಡೋಣ ಅಂದರೆ ಬೆಳಕು ಸಾಲುವುದಿಲ್ಲ. ದೊಡ್ಡ ತರಗತಿಯಲ್ಲಿ ನನ್ನ ಪ್ರೊಜೆಕ್ಟರ್ ಸೋಲುವುದು ಇಲ್ಲಿಯೇ.

ಇಡುವ ಜಾಗದ ವಿಷಯಕ್ಕೆ ಬರೋಣ. ಇದರ ಥ್ರೋ ರೇಶಿಯೋ 1.2. ಅಂದರೆ 1 ಮೀಟರ್ ಅಗಲದ ಚಿತ್ರಕ್ಕೆ 1.2 ಮೀಟರ್ ದೂರ ಬೇಕು. 80 ಇಂಚಿಗೆ ಗೋಡೆಯಿಂದ ಸುಮಾರು 2.1 ಮೀಟರ್ ದೂರ ಇಡಬೇಕು. ತರಗತಿಯಲ್ಲಿ ಅದು ಸರಿಯಾಗಿ ಮುಂದಿನ ಬೆಂಚುಗಳ ನಡುವೆ, ಮಕ್ಕಳು ಓಡಾಡುವ ದಾರಿಯಲ್ಲಿ ಬರುತ್ತದೆ. ಅಲ್ಲಿಗೆ ವಯರ್ ಎಳೆದರೆ ಯಾರಾದರೂ ಎಡವುವುದು ಖಂಡಿತ. ಬ್ಯಾಟರಿ ಅಂದರೆ ಕರೆಂಟ್ ಹೋದಾಗ ಬೇಕಾಗುವುದು ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಅದರ ದೊಡ್ಡ ಉಪಕಾರ ಇದು: ನೆಲದ ಮೇಲೆ ವಯರ್ ಇಲ್ಲದೆ ಬೇಕಾದ ಜಾಗದಲ್ಲಿ ಇಡಬಹುದು. ಒಂದೇ ತೊಂದರೆ, ಬ್ಯಾಟರಿಯಲ್ಲಿ ನಡೆಯುವಾಗ ಬೆಳಕು ತಾನಾಗಿ ಕಡಿಮೆಯಾಗುತ್ತದೆ. ಡಬ್ಬದ ಮೇಲಿನ 500 ಪ್ಲಗ್ ಹಾಕಿದಾಗಿನದ್ದು. ಈ ವರ್ಗದ ಬಹುಪಾಲು ಪ್ರೊಜೆಕ್ಟರ್‌ಗಳ ಕಥೆ ಇದೇ, ಕೊಳ್ಳುವ ಮೊದಲು ಬ್ಯಾಟರಿಯಲ್ಲಿ ಎಷ್ಟು ಲ್ಯೂಮೆನ್ ಅಂತ ಕೇಳಿ ತಿಳಿದುಕೊಳ್ಳಿ.

ಮೇಜಿನ ಮೇಲಿಟ್ಟು ಮೂತಿ ಮೇಲೆತ್ತಿದರೆ ಚಿತ್ರ ಮೇಲುಗಡೆ ಅಗಲ, ಕೆಳಗಡೆ ಕಿರಿದಾಗುತ್ತದೆ. ಕೀಸ್ಟೋನ್ ಎಂಬ ಸರಿಪಡಿಸುವ ಸೌಲಭ್ಯ ಅದನ್ನು ಒಂದೇ ಕ್ಷಣದಲ್ಲಿ ಚೌಕ ಮಾಡುತ್ತದೆ, ನೋಡಲು ಚೆಂದ. ಆದರೆ ಡಿಜಿಟಲ್ ಕೀಸ್ಟೋನ್ ಚಿತ್ರವನ್ನು ಚಿಪ್‌ನೊಳಗೇ ಕುಗ್ಗಿಸಿ ಸರಿ ಮಾಡುತ್ತದೆ. ಚುಕ್ಕೆಗಳೂ ಹೋಗುತ್ತವೆ, ಬೆಳಕೂ ಹೋಗುತ್ತದೆ. ಎಕ್ಸೆಲ್ ಶೀಟ್ ತೆಗೆದರೆ ಕೂಡಲೇ ಗೊತ್ತಾಗುತ್ತದೆ: ಒಂದು ಗೆರೆ ದಪ್ಪ, ಪಕ್ಕದ್ದು ತೆಳು. ನಾನು ಕ್ಯಾಮೆರಾದ ಟ್ರೈಪಾಡ್ ಬಳಸುತ್ತೇನೆ. ಕೆಳಗೆ ಕಾಲು ಇಂಚಿನ ಸ್ಕ್ರೂ ತೂತು ಇರುವುದರಿಂದ ನೇರ ಕೂರುತ್ತದೆ, ಗೋಡೆಗೆ ಎದುರಾಗಿ ಎತ್ತರದಲ್ಲಿ ನಿಲ್ಲುತ್ತದೆ. ಕೀಸ್ಟೋನ್ ಪೂರ್ತಿ ಆಫ್. ಆಟೋಫೋಕಸ್ ಕೂಡ ಆಫ್ ಮಾಡಿದ್ದೇನೆ. ಇಲ್ಲದಿದ್ದರೆ ಯಾರಾದರೂ ಸ್ವಲ್ಪ ತಾಗಿದರೂ ಪಾಠದ ಮಧ್ಯೆ ಫೋಕಸ್ ಪರೀಕ್ಷೆಯ ಗೆರೆಗಳ ಚಿತ್ರ ಬಂದು ಮತ್ತೆ ಫೋಕಸ್ ಶುರುವಾಗುತ್ತದೆ. ಆನ್ ಮಾಡಿ ಸ್ವಲ್ಪ ಹೊತ್ತು ಬಿಸಿಯಾದ ಮೇಲೆ ಒಮ್ಮೆ ಫೋಕಸ್ ಮಾಡಿದರೆ ಸಾಕು.

ಲ್ಯಾಪ್‌ಟಾಪ್ ಜೋಡಿಸಲು ಎಚ್‌ಡಿಎಂಐ ಕೇಬಲ್‌ಗಿಂತ ನಂಬಿಕಸ್ಥ ದಾರಿ ನನಗೆ ಸಿಕ್ಕಿಲ್ಲ. ವೈರ್‌ಲೆಸ್ ಮನೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಮೀಟಿಂಗ್ ರೂಮಿನ ಗೆಸ್ಟ್ ವೈಫೈನಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಹಾಕಿರುತ್ತಾರೆ, ಅಲ್ಲಿ ಕಾಸ್ಟ್ (ವೈಫೈ ಮೂಲಕ ಚಿತ್ರ ಕಳಿಸುವುದು) ಆಗುವುದೇ ಇಲ್ಲ. ಮಿರಾಕಾಸ್ಟ್ ಎಂಬ ವೈರ್‌ಲೆಸ್ ವಿಧಾನದಲ್ಲಿ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಪ್ರೊಜೆಕ್ಟರ್‌ಗೇ ನೇರವಾಗಿ ಜೋಡಿಯಾಗುವುದರಿಂದ ವಿಂಡೋಸ್‌ನವರಿಗೆ ಕೆಲಸ ನಡೆಯುತ್ತದೆ. ಯುಎಸ್‌ಬಿ-ಸಿ ಬಗ್ಗೆಯೂ ಎಚ್ಚರ. ತೂತು ಒಂದೇ ಥರ ಇದ್ದರೂ ಎಲ್ಲದರಿಂದಲೂ ವಿಡಿಯೋ ಹೊರಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ (ಆ ತೂತಿನಿಂದ ವಿಡಿಯೋ ಕಳಿಸುವ ಸೌಲಭ್ಯ) ಇರಬೇಕು, ಪ್ರೊಜೆಕ್ಟರ್ ಕಡೆಯ ಪೋರ್ಟ್ ಕೂಡ ವಿಡಿಯೋ ತೆಗೆದುಕೊಳ್ಳುವಂಥದ್ದಾಗಿರಬೇಕು. ಎಷ್ಟೋ ಪ್ರೊಜೆಕ್ಟರ್‌ಗಳಲ್ಲಿ ಅದು ಚಾರ್ಜಿಂಗ್‌ಗೆ ಮಾತ್ರ.

ಪೆನ್‌ಡ್ರೈವ್ ಹಾಕಿ ನೇರ ಪ್ರೊಜೆಕ್ಟರ್‌ನಲ್ಲೇ ಫೈಲ್ ತೆರೆಯುವ ಸೌಲಭ್ಯ ಇದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಾಠ ಅಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಯಾಕೆಂದರೆ ಆ ಫಾಂಟ್ ಅದರಲ್ಲಿಲ್ಲ. ಫಾಂಟ್ ಸೇರಿಸಿ ಪಿಡಿಎಫ್ ಮಾಡಿ ಒಯ್ಯಿರಿ, ಈ ತಲೆನೋವೇ ಇರುವುದಿಲ್ಲ. ನಾಲ್ಕಾರು ಜನ ಹಂಚಿಕೊಳ್ಳುವ ಪ್ರೊಜೆಕ್ಟರ್ ಆದರೆ ಅದರಲ್ಲಿ ನಿಮ್ಮ ಸ್ವಂತ ಖಾತೆಗೆ ಲಾಗಿನ್ ಆಗಬೇಡಿ.

ಸ್ಪೀಕರ್ 5 ವ್ಯಾಟ್. ಮೀಟಿಂಗ್‌ಗೆ ಸಾಕು, ತರಗತಿಗೆ ಸಾಲದು. ವಯರ್ ಇರುವ ಹೊರಗಿನ ಸ್ಪೀಕರ್ ಹಾಕಿ, ಬ್ಲೂಟೂತ್‌ನಲ್ಲಿ ಮಾತು ತುಟಿಗಿಂತ ಹಿಂದೆ ಬೀಳುತ್ತದೆ. ಫ್ಯಾನ್ ಸದ್ದು ಪಕ್ಕದಲ್ಲಿ ಕೂತವರಿಗೆ ಕೇಳಿಸುತ್ತದೆ, ಬಿಸಿಗಾಳಿ ಯಾವ ಕಡೆ ಬರುತ್ತದೆ ಅಂತ ನೋಡಿ ಇಡಿ. ಡಿಎಲ್‌ಪಿ ಕೆಂಪು, ಹಸಿರು, ನೀಲಿಯನ್ನು ಒಂದರ ಹಿಂದೆ ಒಂದು ವೇಗವಾಗಿ ಬಿಡುತ್ತದೆ. ಕೆಲವರಿಗೆ ಕಣ್ಣು ತಿರುಗಿಸುವಾಗ ಬಣ್ಣದ ಅಂಚು ಕಾಣುತ್ತದೆ. ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವವರಿಗೆ ಚಿತ್ರದ ಮೇಲೆ ಬಣ್ಣದ ಪಟ್ಟಿಗಳು ಓಡುವುದೂ ಉಂಟು.

ಹಳತಾದ ಹಾಗೆ ಏನಾಯಿತು ಅಂತ ಕೇಳುವವರಿಗೆ: ಬೆಳಕು ಕಣ್ಣಿಗೆ ಗೊತ್ತಾಗುವಷ್ಟು ಕುಂದಿಲ್ಲ. ಎಲ್‌ಇಡಿಗೆ 30,000 ಗಂಟೆ ಆಯಸ್ಸು ಅನ್ನುತ್ತಾರೆ. ದಿನಕ್ಕೆ 6 ಗಂಟೆ, ವರ್ಷಕ್ಕೆ 250 ದಿನ ಓಡಿಸಿದರೂ 20 ವರ್ಷ. ಅಷ್ಟು ದಿನ ಬ್ಯಾಟರಿ ಬರುವುದಿಲ್ಲ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಕಸುವು ಕಳೆದುಕೊಳ್ಳುತ್ತದೆ, ನನ್ನದೂ ಈಗ ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಬ್ಯಾಟರಿ ಬದಲಿಸಿ ಕೊಡುತ್ತಾರಾ, ಯುಎಸ್‌ಬಿ-ಸಿ ಚಾರ್ಜರ್‌ನಲ್ಲೇ ನಡೆಯುತ್ತದಾ ಅಂತ ಕೇಳಿ. ಸೀಮೆಸುಣ್ಣದ ಪುಡಿ ಫ್ಯಾನಿನ ಜಾಲರಿಗೆ ಕೂರುತ್ತದೆ, ಮೆತ್ತನೆ ಬ್ರಷ್‌ನಿಂದ ಆಗಾಗ ತೆಗೆಯುತ್ತೇನೆ. ಬೋರ್ಡ್ ಒರೆಸುವಾಗ ಲೆನ್ಸಿಗೆ ಮುಚ್ಚಳ ಹಾಕಿಬಿಡಿ.

ದೊಡ್ಡ ತರಗತಿಯೇ ನಿಮ್ಮ ಮುಖ್ಯ ಕೆಲಸ ಆದರೆ ಬ್ಯಾಟರಿಯ ಆಸೆ ಬಿಟ್ಟು, ಎರಡೂವರೆ ಮೂರು ಕೆಜಿ ತೂಗಿದರೂ ಪರವಾಗಿಲ್ಲ, ಪ್ಲಗ್ ಹಾಕುವ 3,000 ಲ್ಯೂಮೆನ್‌ಗಿಂತ ಮೇಲಿನದ್ದು ತೆಗೆದುಕೊಳ್ಳಿ. ಅದರಲ್ಲಿ ಬಣ್ಣದ ಬೆಳಕೂ ಬಿಳಿಯಷ್ಟೇ ಸಿಗುವ 3ಎಲ್‌ಸಿಡಿ (ಡಿಎಲ್‌ಪಿ ಬದಲು ಮೂರು ಎಲ್‌ಸಿಡಿ ಫಲಕ ಇರುವಂಥದ್ದು) ಆದರೆ ನಕ್ಷೆ, ಚಿತ್ರ ತೋರಿಸಲು ಅನುಕೂಲ. ಯಾವುದೇ ಇರಲಿ, ಅಂಗಡಿಯವರು ಕತ್ತಲೆ ಕೋಣೆಯಲ್ಲಿ ಹಾಕುವ ಸಿನಿಮಾ ತುಣುಕು ನೋಡಿ ಸುಮ್ನೆ ಒಪ್ಪಿಕೊಳ್ಳಬೇಡಿ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರದಲ್ಲಿ ನೀವೇ ಮಾಡಿದ ಒಂದು ಪುಟ ಒಯ್ಯಿರಿ, ನಾಲ್ಕು ಮೂಲೆಯಲ್ಲೂ ಒತ್ತಕ್ಷರ ಇರಲಿ. ದೀಪ ಹಾಕಿಸಿ, ಆರು ಮೀಟರ್ ಹಿಂದೆ ನಿಂತು ಮೂಲೆಯ ಸಾಲು ಓದಿ ನೋಡಿ. ಅಗ್ಗದ ಲೆನ್ಸ್ ಆದರೆ ನಡುವೆ ಚೂಪಾಗಿದ್ದು ಮೂಲೆಗಳಲ್ಲೇ ಮಬ್ಬಾಗುತ್ತದೆ.