ಪೊಲೀಸ್ ಜೀಪಿನ ಮೇಲೆ ದೂರು ಕೊಟ್ಟಾಗ

ಶಿವಮೊಗ್ಗದಿಂದ ಊರಿಗೆ ಬರುವಾಗ ಘಾಟಿ ತಿರುವಿನಲ್ಲಿ ಪೊಲೀಸ್ ಜೀಪೊಂದು ಲಾರಿಯನ್ನು ಓವರ್‌ಟೇಕ್ ಮಾಡಿ ಎದುರಿಗೇ ಬಂತು. ಸೈರನ್ ಇಲ್ಲ, ಹಾರ್ನ್ ಇಲ್ಲ. ನನ್ನ ಸ್ಕೂಟರ್ ಚರಂಡಿ ಅಂಚಿನ ಕೆಸರಿಗೆ ಇಳಿಯಿತು. ಹಿಂದೆ ಅಮ್ಮ ಕೂತಿದ್ದರು.

ಠಾಣೆಯಲ್ಲಿ ಅರ್ಜಿ ಓದಿದವರು, "ಹೋಗ್ಲಿ ಬಿಡಿ ಮೇಡಂ, ಅರ್ಜೆಂಟ್ ಇದ್ದಿರುತ್ತೆ" ಎಂದರು. ಸ್ವೀಕೃತಿ ಕೇಳಿದರೆ ಮುಖ ಗಂಟು ಹಾಕಿಕೊಂಡರು. ಆಮೇಲೆ ಹೋದ ಮೇಲಧಿಕಾರಿಗಳ ಕಚೇರಿಯವರು ವಾಸಿ. ಗಾಡಿ ನಂಬರ್, ಜಾಗ, ಸಮಯ ಬರೆದುಕೊಂಡು ಸೀಲ್ ಹಾಕಿದ ಪ್ರತಿ ಕೊಟ್ಟರು. ಆದರೆ ಚಾಲಕನ ಮೇಲೆ ಏನು ಕ್ರಮ ಆಯ್ತು ಅಂತ ಯಾರೂ ತಿಳಿಸಲಿಲ್ಲ. ಇದೇ ದೊಡ್ಡ ಕೊರತೆ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿದೆ. ಕಾಯ್ದೆ ಜಾರಿ ಮಾಡುವವರೇ ತಪ್ಪು ಮಾಡಿದರೆ ದಂಡ ಎರಡು ಪಟ್ಟು. ಹಾಗಿರುವಾಗ ಒಂದು ಸಾಲಿನ ಉತ್ತರ ಕೊಡೋಕೆ ಏನು ಕಷ್ಟ? ನೀವು ದೂರು ಕೊಟ್ಟರೆ ಸೀಲ್ ಇರುವ ಪ್ರತಿ ಇಲ್ಲದೆ ವಾಪಸ್ ಬರಬೇಡಿ.