ಕಪಲ್ ರೋಡ್ ಟ್ರಿಪ್ ಪ್ಲಾನ್ ಮಾಡಿಕೊಡ್ತೀವಿ ಅನ್ನೋರಿಗೆ ದುಡ್ಡು ಹಾಕೋ ಮುಂಚೆ ಇದನ್ನು ಓದಿ

ಮಲೆನಾಡು, ಕರಾವಳಿ ಸುತ್ತೋಕೆ ಹೊರಟಿರುವ ಗಂಡ ಹೆಂಡತಿ ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. "ಕಾರು, ರೂಮು, ಪರ್ಮಿಟ್ಟು ಎಲ್ಲಾ ನಮ್ದು, ನೀವು ಬ್ಯಾಗ್ ಹಿಡ್ಕೊಂಡು ಹತ್ತಿದ್ರೆ ಸಾಕು" ಅಂತ ಫೋನಿನಲ್ಲಿ ಜಾಹೀರಾತು ಬರುತ್ತಲ್ಲ, ಅಂಥ ಒಬ್ಬ ಪ್ಲಾನರ್‌ಗೆ ನಾವು 42,000 ರೂಪಾಯಿ ಕೊಟ್ಟೆವು. ಕೊಟ್ಟು, ಆಗುಂಬೆ ಹತ್ತಿರ ಯಾರದೋ ಮನೆ ಗೇಟಿನ ಮುಂದೆ ಕತ್ತಲಲ್ಲಿ ಬ್ಯಾಗ್ ಹಿಡಿದು ನಿಂತಿದ್ದೆವು. ಅವನ ಹೆಸರು ಹಾಕಲ್ಲ. ಹಾಕಿದರೂ ಉಪಯೋಗ ಇಲ್ಲ, ಆ ಪೇಜಿನ ಹೆಸರು ಆಗಲೇ ಬದಲಾಗಿದೆ. ಇವರು ಮೋಸ ಮಾಡೋ ರೀತಿ ಗೊತ್ತಾದರೆ ಸಾಕು, ಹೆಸರು ಏನೇ ಇರಲಿ.

ನಮ್ಮದು ಮದುವೆ ವಾರ್ಷಿಕೋತ್ಸವಕ್ಕೆ ಅಂತ ಹಾಕಿಕೊಂಡ ಪ್ರವಾಸ. ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ, ಉಡುಪಿ, ಮುರುಡೇಶ್ವರ, ಜೋಗ, ಸಿಗಂದೂರು, ಆಮೇಲೆ ಬೆಂಗಳೂರಿಗೆ ವಾಪಸ್. ಇಷ್ಟು ಊರಿಗೆ ನಾವೇ ಒಂದೊಂದು ರೂಮ್ ಹುಡುಕೋದು, ಗಾಡಿಯವರ ಹತ್ತಿರ ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ ಅಂತ ಚೌಕಾಸಿ ಮಾಡೋದು ತಲೆನೋವು. ಆ ತಲೆನೋವು ಬೇಡ ಅಂತ ತಾನೇ ಇಂಥವರಿಗೆ ದುಡ್ಡು ಕೊಡೋದು?

ಅವನು ಕಳಿಸಿದ ಪಿಡಿಎಫ್ ನೋಡಬೇಕಿತ್ತು ನೀವು. ಮೇಲೆ ನಮ್ಮಿಬ್ಬರ ಹೆಸರು, ಮಧ್ಯೆ ಕೆಂಪು ಹೃದಯ. ಎಷ್ಟು ಗಂಟೆಗೆ ಎಲ್ಲಿ, ಎಲ್ಲಾ ಬರೆದಿತ್ತು. ಗೊಮ್ಮಟನಿಗೆ 45 ನಿಮಿಷ. 58 ಅಡಿಯ ಮೂರ್ತಿ ನೋಡೋಕೆ ಮೊದಲು 600ಕ್ಕೂ ಜಾಸ್ತಿ ಮೆಟ್ಟಿಲನ್ನು ಚಪ್ಪಲಿ ಬಿಟ್ಟು ಹತ್ತಬೇಕು, ಇಳಿಯಬೇಕು. ಇವನಿಗೆ ಅದೆಲ್ಲಾ 45 ನಿಮಿಷ! ಇನ್ನೊಂದು ದಿನದ ಕಥೆ ಕೇಳಿ. ಬೆಳಿಗ್ಗೆ ಮುಳ್ಳಯ್ಯನಗಿರಿ, ಆಮೇಲೆ ಹೊರನಾಡು, ಆಮೇಲೆ ಶೃಂಗೇರಿ, ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ. ಚಿಕ್ಕಮಗಳೂರಿಂದ ಹೊರನಾಡಿಗೇ ಹತ್ತಿರ ಹತ್ತಿರ 100 ಕಿಲೋಮೀಟರ್, ಅದೂ ತಿರುವಿನ ಮೇಲೆ ತಿರುವು. ಇದು ಆಗುತ್ತಾ ಅಂತ ನಾನು ಕೇಳಿದೆ. ಕೇಳಿದ್ದಕ್ಕೆ ಉತ್ತರ: "ಮೇಡಂ, ಎಷ್ಟೋ ಕಪಲ್ಸ್‌ನ ಕಳಿಸಿದೀವಿ. ಟೈಮಿಂಗ್ ಎಲ್ಲಾ ಟೆಸ್ಟೆಡ್."

ಟೆಸ್ಟೆಡ್ ಅಂತೆ. ಸಿಗಂದೂರಿಗೆ ಲಾಂಚ್ ಕಾಯೋಕೆ ಅಂತ ಒಂದು ಗಂಟೆ ಇಟ್ಟಿದ್ದ. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು ಕಳಸವಳ್ಳಿ ಮಧ್ಯೆ ಸೇತುವೆ 2025ರ ಜುಲೈನಲ್ಲೇ ಉದ್ಘಾಟನೆ ಆಗಿದೆ, ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದ ಇದೆ, ಗಾಡಿ ನೇರ ಹೋಗುತ್ತೆ. ಅಂದರೆ ಯಾರೋ ಯಾವಾಗಲೋ ಬರೆದಿದ್ದನ್ನು ಹಾಗೇ ಎತ್ತಿ, ಮೇಲೆ ನಮ್ಮ ಹೆಸರು ಅಂಟಿಸಿದ್ದಾನೆ. ನಮ್ಮ ಅತ್ತಿಗೆ ಸಾಗರದವರು. ಈ ಪಿಡಿಎಫ್ ನೋಡಿ ಅವರು ನಕ್ಕಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ದುಡ್ಡಿನ ವಿಷಯ. ಮೊದಲು ಅರ್ಧ, ಉಳಿದಿದ್ದು ದಿನಾ ಸ್ವಲ್ಪ ಸ್ವಲ್ಪ ಅಂತ ಮಾತಾಗಿತ್ತು. ಹೊರಡೋ ಹಿಂದಿನ ರಾತ್ರಿ ಫೋನ್. "ಮೇಡಂ, ವೀಕೆಂಡ್ ರಶ್ಶು. ಹೋಟೆಲ್‌ನವ್ರು ಫುಲ್ ಪೇಮೆಂಟ್ ಕೇಳ್ತಿದಾರೆ, ಇಲ್ಲಾಂದ್ರೆ ರೂಮ್ ಬಿಟ್ಟುಕೊಡ್ತಾರಂತೆ." ಬ್ಯಾಗ್ ಕಟ್ಟಿ ಆಗಿದೆ, ರಜೆ ಹಾಕಿ ಆಗಿದೆ, ಅತ್ತೆ ಮಾವನಿಗೆ ಹೇಳಿ ಆಗಿದೆ. ಅಂಥ ಹೊತ್ತು ನೋಡಿಯೇ ಕೇಳುತ್ತಾರೆ ಇವರು. ದುಡ್ಡು ಹೋಗಿದ್ದು ಯುಪಿಐನಲ್ಲಿ, ಪೇಜಿಗೂ ಸಂಬಂಧ ಇಲ್ಲದ ಯಾವುದೋ ಒಬ್ಬರ ಹೆಸರಿಗೆ. "ಅದು ನಮ್ಮ ಅಕೌಂಟ್ಸ್ ನೋಡ್ಕೊಳೋರು ಮೇಡಂ" ಅಂದ.

ಬೆಳಿಗ್ಗೆ ಕಾರು ಬಂತು. ಬಿಳಿ ಬೋರ್ಡ್.

ಬಾಡಿಗೆ ಗಾಡಿಗೆ ಹಳದಿ ಬೋರ್ಡ್, ಕಪ್ಪು ಅಕ್ಷರ. ನಾವೇ ಓಡಿಸೋಕೆ ಬಾಡಿಗೆಗೆ ಕೊಡೋ ಗಾಡಿಗೆ ಕಪ್ಪು ಬೋರ್ಡ್, ಹಳದಿ ಅಕ್ಷರ. ಬಿಳಿ ಬೋರ್ಡ್ ಅಂದರೆ ಸ್ವಂತ ಬಳಕೆಗೆ ಮಾತ್ರ. ಅದರಲ್ಲಿ ಬಾಡಿಗೆಗೆ ಹೋಗಿ ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್‌ನವರಿಗೆ ಕೈ ಎತ್ತೋಕೆ ಅದೊಂದೇ ಕಾರಣ ಸಾಕು. ತಕ್ಷಣ ಫೋನ್ ಮಾಡಿ, ಹಳದಿ ಬೋರ್ಡ್ ಅಂದಿದ್ರಲ್ಲ ಅಂತ ಕೇಳಿದೆ. ಉತ್ತರ ಕೇಳಿ: "ಮೇಡಂ, ಇದು ಪ್ರೀಮಿಯಂ. ಕಪಲ್ಸ್‌ಗೆ ಪ್ರೈವೆಸಿ ಇರ್ಲಿ ಅಂತ ಸ್ಪೆಷಲ್ಲಾಗಿ ವೈಟ್ ಬೋರ್ಡ್ ಕಳಿಸಿದೀವಿ."

ಪ್ರೈವೆಸಿ! ನೆಲಮಂಗಲ ದಾಟೋ ಮುಂಚೆಯೇ ಡ್ರೈವರ್ ಹುಡುಗ ಹೇಳಿದ, "ಅಕ್ಕಾ, ದಾರೀಲಿ ಯಾರಾದ್ರೂ ಹಿಡಿದು ಕೇಳಿದ್ರೆ ನಾನು ನಿಮ್ಮ ತಮ್ಮ ಅಂತ ಹೇಳ್ಬಿಡಿ." ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ.

ಆದರೆ ಮೊದಲ ರಾತ್ರಿ ಚಿಕ್ಕಮಗಳೂರಿನ ರೂಮ್ ಸರಿಯಾಗಿಯೇ ಇತ್ತು. ಬುಕಿಂಗ್ ಇತ್ತು, ಹೆಸರು ಇತ್ತು, ಬಿಸಿನೀರು ಬಂತು. ನಾನೇ ಅವನಿಗೆ "ಥ್ಯಾಂಕ್ಸ್, ರೂಮ್ ಚೆನ್ನಾಗಿದೆ" ಅಂತ ಮೆಸೇಜ್ ಕಳಿಸಿದೆ. ಇದನ್ನು ಗಮನಿಸಿ. ಮೊದಲ ರೂಮ್ ಸರಿ ಇರುತ್ತೆ. ಬೇಕಂತಲೇ ಸರಿ ಇರುತ್ತೆ. ಆ ನನ್ನ ಮೆಸೇಜನ್ನೇ ಆಮೇಲೆ ನನಗೇ ತಿರುಗಿಸಿ ಕಳಿಸಿದ, ಅದಕ್ಕೆ ಮುಂದೆ ಬರ್ತೀನಿ.

ಮಾರನೇ ದಿನ ಕೈಮರ ಚೆಕ್‌ಪೋಸ್ಟ್. ಮುಳ್ಳಯ್ಯನಗಿರಿ ಕಡೆ ಹೋಗೋ ಗಾಡಿಗಳಿಗೆ ಮುಂಚೆಯೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ಇಷ್ಟೇ ಗಾಡಿ ಅಂತ ಮಿತಿ ಇದೆ. "ಎಲ್ಲಾ ಪರ್ಮಿಟ್ ಇನ್‌ಕ್ಲೂಡೆಡ್" ಅಂತ ಪಿಡಿಎಫ್‌ನಲ್ಲಿ ದಪ್ಪ ಅಕ್ಷರದಲ್ಲಿ ಇತ್ತು. ಅಲ್ಲಿ ನಮ್ಮ ಗಾಡಿ ನಂಬರ್ ಹಾಕಿ ನೋಡಿದರೆ ಏನೂ ಇಲ್ಲ. ಹಿಂದೆ ಸಾಲಾಗಿ ನಿಂತ ಗಾಡಿಗಳ ಹಾರ್ನ್. ಪಕ್ಕಕ್ಕೆ ಹಾಕಿ ಅಂದರು, ಹಾಕಿದೆವು. ಇವನು ಫೋನಿನಲ್ಲಿ, "ಸರ್ವರ್ ಡೌನ್ ಇರ್ಬೇಕು ಮೇಡಂ, ಹತ್ತು ನಿಮಿಷ ಕೊಡಿ." ಹತ್ತು ನಿಮಿಷ ಎಷ್ಟು ಹತ್ತು ನಿಮಿಷ ಆಯಿತೋ. ಕೊನೆಗೆ ಮೆಸೇಜ್ ಬಂತು. "ಮೇಡಂ, ಮೇಲೆ ಫುಲ್ ಮಂಜು, ಏನೂ ಕಾಣಲ್ಲ. ನೀವು ಹೋಗ್ದೆ ಇದ್ದಿದ್ದೇ ಒಳ್ಳೆದಾಯ್ತು." ತಲೆ ಎತ್ತಿ ನೋಡಿದರೆ ಡಿಸೆಂಬರ್ ಬಿಸಿಲು, ಒಂದು ಮೋಡ ಇಲ್ಲ, ಬೆಟ್ಟ ಪೂರ್ತಿ ಕಾಣುತ್ತಿದೆ.

ಹೊರನಾಡು ಬಿಟ್ಟೆವು. ಶೃಂಗೇರಿಗೆ ಹೋದಾಗ ಮಧ್ಯಾಹ್ನದ ಬಾಗಿಲು ಹಾಕಿತ್ತು, ತುಂಗೆಯ ಮೆಟ್ಟಿಲ ಮೇಲೆ ಮೀನು ನೋಡುತ್ತಾ ಕಾದೆವು. ದರ್ಶನ ಮುಗಿಸಿ ಆಗುಂಬೆಗೆ ಬಂದರೆ ಸೂರ್ಯ ಮುಳುಗಿ ಆಗಿದೆ. ಇರಲಿ, ರೂಮಿಗಾದರೂ ಹೋಗೋಣ ಅಂತ ಹೋದೆವು.

ವೋಚರ್‌ನಲ್ಲಿದ್ದ ಹೋಂಸ್ಟೇ ಮನೆ ಸಿಕ್ಕಿತು. ಫೋಟೋದಲ್ಲಿದ್ದ ಮನೆಯೇ. ಹಂಚಿನ ಮನೆ, ಅಂಗಳ, ಎಲ್ಲಾ ಅದೇ. ಗೇಟಿನಲ್ಲಿ ನಿಂತು ಕೂಗಿದೆವು. ಯಜಮಾನರು ಟಾರ್ಚ್ ಹಿಡಿದು ಬಂದರು.

"ಯಾರು ಬೇಕಿತ್ತು?"

"ನಮ್ಮ ಹೆಸರಲ್ಲಿ ರೂಮ್ ಬುಕ್ ಆಗಿದೆ."

"ಇಲ್ಲವಲ್ಲ ಮಾರಾಯ್ರೆ. ಇವತ್ತು ಎಲ್ಲ ರೂಮೂ ಭರ್ತಿ."

ಫೋನಿನಲ್ಲಿ ವೋಚರ್ ತೆಗೆದು ತೋರಿಸಿದೆ. ಸೀಲು, 'ಕನ್ಫರ್ಮ್ಡ್' ಅನ್ನೋ ಹಸಿರು ಗುರುತು. ಅವರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಜೋರಾಗಿ ಓದಿದರು. "ಆನಿವರ್ಸರಿ ಕೇಕ್... ಕ್ಯಾಂಡಲ್ ಲೈಟ್ ಡಿನ್ನರ್... ಬೆಡ್ ಮೇಲೆ ಹೂವಿನ ಅಲಂಕಾರ... ಅಂಥದ್ದೆಲ್ಲ ನಮ್ಮಲ್ಲಿ ಇಲ್ಲ ಮಾರಾಯ್ರೆ. ಎಲ್ಲರಿಗೂ ಒಂದೇ ಊಟ, ಬಾಳೆ ಎಲೆ." ಜಗಲಿಯಲ್ಲಿ ಊಟಕ್ಕೆ ಕೂತಿದ್ದ ಒಂದು ಕುಟುಂಬ ಕೈ ಬಾಯಿಗೆ ಹೋಗೋದನ್ನೂ ಮರೆತು ನಮ್ಮನ್ನೇ ನೋಡುತ್ತಿತ್ತು. ಅವರ ಮಗಳೊಬ್ಬಳು ಕಿಸಕ್ ಅಂದಳು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಇವರು ನನ್ನ ಕಡೆ ನೋಡಲಿಲ್ಲ, ನಾನೂ ಇವರ ಕಡೆ ನೋಡಲಿಲ್ಲ.

ಯಜಮಾನರು ಫೋನ್ ವಾಪಸ್ ಕೊಟ್ಟು ಹೇಳಿದರು, "ಫೋಟೋ ನಮ್ಮ ಮನೆಯದ್ದೇ. ಈ ಕಾಗದ ನಮ್ಮದಲ್ಲ. ಈ ನಂಬರೂ ನಮ್ಮದಲ್ಲ. ಮೊನ್ನೆನೂ ಒಂದು ಜೋಡಿ ಹಿಂಗೇ ಬಂದಿದ್ರು."

ಹಿಂಗೇ ಬಂದಿದ್ರು! ಅಂದರೆ ಅವನಿಗೆ ಗೊತ್ತು. ಒಬ್ಬರನ್ನು ಇದೇ ಗೇಟಿನಲ್ಲಿ ನಿಲ್ಲಿಸಿದ ಮೇಲೂ ನಮ್ಮನ್ನು ಅದೇ ಗೇಟಿಗೆ ಕಳಿಸಿದ್ದಾನೆ.

ಅವರ ಮನೆ ಫೋನಿನಿಂದ ಅವನಿಗೆ ಮಾಡಿದೆ. ಹೊಸ ನಂಬರ್ ಅಂತ ತಕ್ಷಣ ಎತ್ತಿದ. ನನ್ನ ದನಿ ಕೇಳಿ ಒಂದು ಕ್ಷಣ ಸುಮ್ಮನಿದ್ದು, "ಮೇಡಂ, ನೀವು ಲೇಟಾಗಿ ಹೋಗಿದೀರ. ಚೆಕ್ ಇನ್ ಟೈಮ್ ಮೀರಿದ್ರೆ ಆಟೋಮ್ಯಾಟಿಕ್ ಕ್ಯಾನ್ಸಲ್ ಆಗುತ್ತೆ, ಅದು ಸಿಸ್ಟಮ್" ಅಂದ. ಯಾವ ಸಿಸ್ಟಮ್? ಆ ಮನೆಯಲ್ಲಿ ಬುಕಿಂಗ್ ಬರೆಯೋದು ಒಂದು ನೋಟ್‌ಬುಕ್‌ನಲ್ಲಿ! ಯಜಮಾನರು ಇಲ್ಲೇ ಇದಾರೆ, ಮಾತಾಡಿ ಅಂತ ರಿಸೀವರ್ ಅವರ ಕೈಗೆ ಕೊಟ್ಟೆ. ಕಟ್. ಆಮೇಲೆ ನನ್ನ ಮೊಬೈಲಿಗೆ ಒಂದು ಮೆಸೇಜ್ ಬಂತು. "ಗೆಸ್ಟ್ ಪ್ರಾಪರ್ಟಿ ಓನರ್ ಹತ್ರ ಡೈರೆಕ್ಟ್ ಆಗಿ ಮಾತಾಡಿರೋದ್ರಿಂದ ನಮ್ಮ ಪಾಲಿಸಿ ಬ್ರೇಕ್ ಆಗಿದೆ. ರಿಫಂಡ್ ಅಪ್ಲೈ ಆಗಲ್ಲ."

ಇದನ್ನು ನಾನು ಮೂರು ಸಲ ಓದಿದೆ. ರೂಮ್ ಬುಕ್ ಮಾಡದೇ ಇದ್ದವನು ಅವನು. ಪಾಲಿಸಿ ಮುರಿದವಳು ನಾನು!

ಆ ಮನೆಯವರು ನಮಗೆ ಊಟ ಹಾಕಿದರು, ತೀರ್ಥಹಳ್ಳಿಯಲ್ಲಿ ಗೊತ್ತಿರುವ ಒಂದು ಲಾಡ್ಜಿಗೆ ಫೋನ್ ಮಾಡಿ ರೂಮ್ ಹಿಡಿಸಿಕೊಟ್ಟರು. ಊಟಕ್ಕೆ ದುಡ್ಡು ತಗೊಳ್ಳಲೇ ಇಲ್ಲ.

ರಾತ್ರಿಯೇ ಕೂತು, ಮುಂದಿನ ಹೋಟೆಲ್‌ಗಳ ನಿಜವಾದ ನಂಬರ್ ಹುಡುಕಿ ಒಂದೊಂದಕ್ಕೇ ಫೋನ್ ಮಾಡಿದೆವು. ಉಡುಪಿ, ಇಲ್ಲ. ಮುರುಡೇಶ್ವರ, ಇಲ್ಲ. ಜೋಗದ ಹತ್ತಿರ, ಇಲ್ಲ. ಅಷ್ಟೂ ವೋಚರ್ ಸುಳ್ಳು. ಬೆಳಿಗ್ಗೆ ಡ್ರೈವರ್ ಹುಡುಗನೂ ಬಾಯಿಬಿಟ್ಟ. ಅವನಿಗೆ ಹೇಳಿದ್ದೇ ಉಡುಪಿವರೆಗೆ ಡ್ರಾಪ್. ಕೊಟ್ಟಿದ್ದು ಡೀಸೆಲ್‌ಗೆ ಅಂತ ಒಂದಿಷ್ಟು, ಉಳಿದಿದ್ದು "ಕಸ್ಟಮರ್ ಹತ್ರ ಇಸ್ಕೋ" ಅಂದಿದ್ದನಂತೆ. ಆಗುಂಬೆ ಘಾಟಿಯ 14 ತಿರುವು ಇಳಿಯೋವರೆಗೂ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಉಡುಪಿಯಲ್ಲಿ ಕೃಷ್ಣನಿಗೆ ಕೈ ಮುಗಿದು ರಾತ್ರಿ ಬಸ್ ಹತ್ತಿದೆವು. ಜೋಗ ಇಲ್ಲ, ಮುರುಡೇಶ್ವರ ಇಲ್ಲ, ಏನೂ ಇಲ್ಲ. ಅವನ ಪಿಡಿಎಫ್‌ನಲ್ಲಿದ್ದ ಜೋಗದ ಫೋಟೋ ಬೇರೆ ಮಳೆಗಾಲದ್ದು, ರಾಜ ರಾಣಿ ರೋರರ್ ರಾಕೆಟ್ ಎಲ್ಲಾ ಒಂದಾಗಿ ಧುಮುಕೋದು. ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಟ್ಟಿರುವಾಗ ಡಿಸೆಂಬರ್‌ನಲ್ಲಿ ಹಾಗೆ ಎಲ್ಲಿ ಕಾಣುತ್ತೆ?

ಊರಿಗೆ ಬಂದ ಮೇಲೆ ದುಡ್ಡು ವಾಪಸ್ ಕೇಳಿದ್ದಕ್ಕೆ ಬಂದ ಉತ್ತರಗಳಿವು. "ಸೀಸನ್ ಮುಗೀಲಿ ಮೇಡಂ." "ನೆಕ್ಸ್ಟ್ ಟ್ರಿಪ್‌ಗೆ ಅಡ್ಜಸ್ಟ್ ಮಾಡ್ಕೊಡ್ತೀನಿ, ಊಟಿ ಮಾಡಿ." "ಸರ್ ಹತ್ರ ಮಾತಾಡ್ತೀನಿ ಮೇಡಂ, ನೀವು ತುಂಬಾ ಎಮೋಷನಲ್ ಆಗಿದೀರ." ಇವರು ಫೋನ್ ತಗೊಂಡಾಗ ಮಾತ್ರ ಸರ್ ಸರ್ ಅಂತ ಮೆತ್ತಗಾದ, ಆದರೆ ದುಡ್ಡು ಮಾತ್ರ ಇಲ್ಲ. ಕಂಪ್ಲೇಂಟ್ ಕೊಡ್ತೀನಿ ಅಂದಾಗ ನನ್ನ ಆ "ಥ್ಯಾಂಕ್ಸ್, ರೂಮ್ ಚೆನ್ನಾಗಿದೆ" ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದ. ಕೆಳಗೆ ಒಂದು ಸಾಲು. "ಕಾರ್ ಕೊಟ್ಟಿದೀವಿ, ರೂಮ್ ಕೊಟ್ಟಿದೀವಿ, ಹ್ಯಾಪಿ ಅಂತ ನೀವೇ ಹೇಳಿದೀರ. ಫ್ರಾಡ್ ಹೇಗಾಗುತ್ತೆ?" ಮೊದಲ ರೂಮ್ ಯಾಕೆ ಸರಿ ಇತ್ತು ಅಂತ ನನಗೆ ಅರ್ಥ ಆಗಿದ್ದು ಆಗ. ಸ್ವಲ್ಪ ಕೊಟ್ಟರೆ ಮೋಸ ಅನ್ನಿಸಲ್ಲ, ಸೇವೆ ಸರಿ ಇರಲಿಲ್ಲ ಅನ್ನೋ ಜಗಳ ಆಗುತ್ತೆ ಅಷ್ಟೆ.

ಹೊರಡೋರು ಒಂದು ಕೆಲಸ ಮಾಡಿ. ಪ್ಲಾನರ್ ಕೊಟ್ಟ ನಂಬರ್ ಬಿಟ್ಟು, ಪ್ರತಿ ಹೋಟೆಲ್, ಹೋಂಸ್ಟೇಯ ನಂಬರ್ ನೀವೇ ಹುಡುಕಿ ಫೋನ್ ಮಾಡಿ ಕೇಳಿ. ಮೊದಲ ಊರಲ್ಲ, ಕೊನೆಯ ಊರಿಂದ ಶುರು ಮಾಡಿ. ಬಿಳಿ ಬೋರ್ಡ್ ಬಂದರೆ ಹತ್ತಬೇಡಿ, ಎಷ್ಟೇ ಪ್ರೀಮಿಯಂ ಅಂದರೂ. ಹೊರಡೋ ಹಿಂದಿನ ರಾತ್ರಿ ಪೂರ್ತಿ ದುಡ್ಡು ಕೇಳಿದರೆ ಕೊಡಬೇಡಿ, ಟ್ರಿಪ್ ಹೋದರೆ ಹೋಗಲಿ. ದುಡ್ಡು ಹೋಗಿಯೇಬಿಟ್ಟಿದ್ದರೆ ಸೈಬರ್ ವಂಚನೆಗೆ 1930ಕ್ಕೆ ತಕ್ಷಣ ಫೋನ್ ಮಾಡಿ, ಊರಿಗೆ ಬಂದು ನೋಡೋಣ ಅನ್ನಬೇಡಿ. ಗ್ರಾಹಕ ಸಹಾಯವಾಣಿ 1915. ನಾನು ಎರಡರಲ್ಲೂ ದೂರು ಕೊಟ್ಟಿದ್ದೇನೆ. ಮತ್ತೆ ಟ್ರಿಪ್ ಮಧ್ಯದಲ್ಲಿ ಚೆನ್ನಾಗಿದೆ, ಥ್ಯಾಂಕ್ಸ್ ಅಂತ ಏನೂ ಬರೆದು ಕಳಿಸಬೇಡಿ, ಪೂರ್ತಿ ಮುಗಿದು ಮನೆ ಸೇರೋವರೆಗೆ.

ದೂರು ಕೊಟ್ಟ ಮೇಲೆ ಒಂದು ದಿನ ನನ್ನ ಖಾತೆಗೆ 2,000 ರೂಪಾಯಿ ಬಂತು. 42,000ದಲ್ಲಿ 2,000. ಇದು ಯಾವ ಲೆಕ್ಕ ಅಂತ ಕೇಳಿದೆ. "ಗುಡ್‌ವಿಲ್ ಮೇಡಂ. ಒಂದು ಫೈವ್ ಸ್ಟಾರ್ ರಿವ್ಯೂ ಹಾಕಿಬಿಡಿ, ಇನ್ನೊಂದು ಸಾವಿರ ಕಳಿಸ್ತೀನಿ" ಅಂದ.